ಪ್ಯಾಂಟೊಪ್ರಜೋಲ್ ತಿಂಡಿಗೆ ಮುಂಚೆಯೇ ಯಾಕೆ?

ದಾವಣಗೆರೆ ಓದುಗ:
ಬೆಣ್ಣೆದೋಸೆ ತಿಂದು ಎದೆ ಉರಿ ಶುರುವಾದ ಮೇಲೆ ಆಮ್ಲ ಕಡಿಮೆ ಮಾಡೋ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಮಾತ್ರೆ ನುಂಗಿದ್ರೆ ಆಗಲ್ವಾ? ವಯಸ್ಸಾದವರಿಗೆ ನುಂಗೋಕೆ ಕಷ್ಟ ಆದ್ರೆ ಪುಡಿ ಮಾಡಿ ಕೊಡಬಹುದಾ?

ಫಾರ್ಮಸಿ ಮೇಷ್ಟ್ರು:
ಹೊಟ್ಟೆಯಲ್ಲಿ ಆಗಲೇ ಇರೋ ಆಮ್ಲವನ್ನ ಇದು ತಣಿಸಲ್ಲ ಸರ್. ಆಮ್ಲ ಸುರಿಸೋ ಜೀವಕೋಶದ ಪಂಪನ್ನೇ ಮುಚ್ಚುತ್ತೆ, ಅದೂ ಚಾಲೂ ಇರೋ ಪಂಪನ್ನ ಮಾತ್ರ. ಊಟ ಬಿದ್ದಾಗಲೇ ಹೆಚ್ಚು ಪಂಪ್ ಚಾಲೂ ಆಗೋದು. ಆ ಹೊತ್ತಿಗೆ ಔಷಧ ರಕ್ತದಲ್ಲಿ ಇರಬೇಕು. ಅದಕ್ಕೇ ತಿಂಡಿಗೆ 30ರಿಂದ 60 ನಿಮಿಷ ಮುಂಚೆ. ರಕ್ತದಲ್ಲಿ ಔಷಧ ಬೇಗ ಇಳಿದುಹೋದರೂ ಮುಚ್ಚಿದ ಪಂಪ್ ಸುಲಭಕ್ಕೆ ತೆರೆಯಲ್ಲ, ಬಹುಪಾಲು ಹೊಸದೇ ಹುಟ್ಟಬೇಕು. ಹಾಗಾಗಿ ಸಾಮಾನ್ಯವಾಗಿ ದಿನಕ್ಕೆ ಒಂದು. ಪೂರ್ತಿ ಗುಣ ಕಾಣೋಕೆ 3–4 ದಿನ ಬೇಕು, ಮೊದಲ ದಿನವೇ ಬೇಸರ ಪಡಬೇಡಿ.

ಪುಡಿ ಮಾಡಲೇಬೇಡಿ. ಮಾತ್ರೆ ಮೇಲಿನ ನುಣುಪು ಲೇಪ ಹೊಟ್ಟೆ ದಾಟಿ ಸಣ್ಣ ಕರುಳಿನಲ್ಲಿ ಕರಗೋಕೆ ಇರೋದು. ಒಡೆದ್ರೆ ಆಮ್ಲವೇ ಔಷಧವನ್ನ ಹಾಳು ಮಾಡುತ್ತೆ. ಬೇರೆ ರೂಪದ ಔಷಧ ಇದೆಯಾ ಅಂತ ಡಾಕ್ಟರನ್ನ ಕೇಳಿ.

ಚಿತ್ರದುರ್ಗದಿಂದ:
ಅಕ್ಕರೆಯಿಂದಲೇ ಹೇಳ್ತೀನಿ, ನುಂಗೋ ಕಷ್ಟ ಅನ್ನೋದನ್ನ ಹಗುರವಾಗಿ ಬಿಡಬೇಡಿ. ಅನ್ನ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಗೋದು, ಡಾಂಬರಿನ ಹಾಗೆ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯೋದು ಇದ್ರೆ ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆ ನೋಡೋ ಪರೀಕ್ಷೆ) ಬೇಕಾಗಬಹುದು. ಮಾತ್ರೆ ಇಂಥ ಕಾಯಿಲೆಯ ಲಕ್ಷಣಗಳನ್ನ ಮುಚ್ಚಿಹಾಕಬಹುದು.

ಮತ್ತೆ, ತಿಂಗಳುಗಟ್ಟಲೆ ತಗೊಂಡು ದಿಢೀರ್ ನಿಲ್ಲಿಸಿದ್ರೆ ಆಮ್ಲ ಮೊದಲಿಗಿಂತ ಜಾಸ್ತಿ ಉಕ್ಕಬಹುದು. ಡಾಕ್ಟರನ್ನ ಕೇಳಿ ಡೋಸ್ ಇಳಿಸುತ್ತಾ ಬನ್ನಿ. ವರ್ಷಗಟ್ಟಲೆ ತಗೊಳ್ಳೋರಿಗೆ ಬಿ12 ವಿಟಮಿನ್, ಮೆಗ್ನೀಸಿಯಂ ಕಡಿಮೆಯಾಗಬಹುದು, ಅವುಗಳ ಪರೀಕ್ಷೆಯ ಬಗ್ಗೆಯೂ ಕೇಳಿ.

ಫಾರ್ಮಸಿ ಮೇಷ್ಟ್ರು:
ಇನ್ನೊಂದು: ಹೃದಯಕ್ಕೆ ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ಮಾತ್ರೆ) ತಗೊಳ್ಳೋರು ಪ್ಯಾಂಟೊಪ್ರಜೋಲ್ ಗುಂಪಿನದೇ ಆದ ಒಮೆಪ್ರಜೋಲ್ ತಪ್ಪಿಸಬೇಕು, ಅದು ಕ್ಲೋಪಿಡೋಗ್ರೆಲ್ ಬಲ ಕುಗ್ಗಿಸುತ್ತೆ. ಚೀಟಿ ತೋರಿಸದೆ ಮಾತ್ರೆ ಬದಲಾಯಿಸಬೇಡಿ.