ಇಂಡಿಯಾನಾಕ್ಕೆ ಹೊರಟವರು ಕ್ರಾಟಮ್ ಪುಡಿ ಒಯ್ಯಬಹುದೇ?

ಕೋಥ್ರೂಡ್ ಕನ್ನಡಿಗ, ಪುಣೆ:
ಪುಣೆಯಿಂದ ಎಂ.ಎಸ್. ಓದಲು ಇಂಡಿಯಾನಾಕ್ಕೆ ಹೊರಟಿರುವ ನಮ್ಮ ಹುಡುಗರ ಗುಂಪಿನಲ್ಲಿ ಕ್ರಾಟಮ್ (ಆಗ್ನೇಯ ಏಷ್ಯಾದ ಮರವೊಂದರ ಎಲೆ) ಪುಡಿಯದೇ ಮಾತು. ನಿದ್ದೆಗೆಟ್ಟು ಓದಲು ಒಳ್ಳೆಯದಂತೆ. ಶಿಕಾಗೊದಲ್ಲಿ ಪೆಟ್ರೋಲ್ ಬಂಕಿನ ಅಂಗಡಿಯಲ್ಲೇ ಸಿಗುತ್ತದೆ, ಅಂದಮೇಲೆ ತಪ್ಪೇನೂ ಇಲ್ಲ ಅನ್ನುತ್ತಾರೆ. ಇಬ್ಬರು ಬ್ಯಾಂಕಾಕ್‌ನಿಂದ ತರಿಸಿಕೊಂಡು ಮುಂಬೈನಿಂದ ಲಗೇಜಿನಲ್ಲಿ ಒಯ್ಯುವ ಲೆಕ್ಕದಲ್ಲಿದ್ದಾರೆ. ಇಂಡಿಯಾನಾದ ಮಾದಕವಸ್ತು ಪಟ್ಟಿಯಲ್ಲಿ ಕ್ರಾಟಮ್ ಎಂದು ಹುಡುಕಿದೆ, ಕಣ್ಣಿಗೆ ಬೀಳಲಿಲ್ಲ. ನಿಷೇಧ ಇಲ್ಲ ಅಂತ ತಿಳಿಯಬಹುದೇ?

ಕರಡುಪ್ರತಿ, ಮಾಟುಂಗಾ:
ಖಂಡಿತ ತಿಳಿಯಬೇಡಿ. ಹುಡುಕಬೇಕಾದದ್ದು ಗಿಡದ ಹೆಸರನ್ನಲ್ಲ, ಎಲೆಯೊಳಗಿನ ಆಲ್ಕಲಾಯ್ಡ್‌ಗಳ, ಅಂದರೆ ಅಮಲಿಗೆ ಕಾರಣವಾದ ರಾಸಾಯನಿಕಗಳ ಹೆಸರನ್ನು. ಅವುಗಳಲ್ಲಿ ಮುಖ್ಯವಾದವು ಎರಡು: ಮಿಟ್ರಾಗೈನಿನ್ ಮತ್ತು 7-ಹೈಡ್ರಾಕ್ಸಿಮಿಟ್ರಾಗೈನಿನ್. ಇಂಡಿಯಾನಾ ಇವೆರಡನ್ನೂ 'ಸಿಂಥೆಟಿಕ್ ಡ್ರಗ್' ಎಂಬ ವ್ಯಾಖ್ಯೆಯೊಳಗೆ ಸೇರಿಸಿತು. ಮರದ ಎಲೆಯಲ್ಲಿ ತಾನಾಗಿ ಹುಟ್ಟುವ ವಸ್ತುವನ್ನು ಕೃತಕ ಎಂದು ಕರೆದದ್ದು ವಿಜ್ಞಾನದ ಲೆಕ್ಕದಲ್ಲಿ ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ನ್ಯಾಯಾಲಯದಲ್ಲಿ ನಡೆಯುವುದು ಕಾನೂನಿನ ವ್ಯಾಖ್ಯೆ. ಚೀಟಿಯ ಮೇಲೆ 'ಶುದ್ಧ ಎಲೆ' ಎಂದು ಬರೆದಿದ್ದರೂ ಒಳಗೆ ಮಿಟ್ರಾಗೈನಿನ್ ಇದ್ದೇ ಇರುತ್ತದೆ.

ನಿಷೇಧ ಇಂಡಿಯಾನಾದಲ್ಲಷ್ಟೇ ಅಲ್ಲ. ವಿಸ್ಕಾನ್ಸಿನ್‌ನದು 2014ರದು. ಅಲಬಾಮಾ, ಅರ್ಕನ್ಸಾ, ವರ್ಮಾಂಟ್ 2016ರಲ್ಲಿ ನಿಷೇಧಿಸಿದವು. ಲೂಯಿಸಿಯಾನಾ 2025ರ ಆಗಸ್ಟ್ 1ರಿಂದ. ರೋಡ್ ಐಲೆಂಡ್ ಮಾತ್ರ ಹಿಂದಕ್ಕೆ ಹೆಜ್ಜೆ ಇಟ್ಟಿತು: 2017ರಲ್ಲಿ ನಿಷೇಧ, 2025ರಲ್ಲಿ ಹೊಸ ಕಾಯ್ದೆ, 2026ರ ಏಪ್ರಿಲ್‌ನಿಂದ ಪರವಾನಗಿ ಮೇಲೆ ಮಾರಾಟ. ಪಟ್ಟಿ ಹೀಗೆ ಬದಲಾಗುತ್ತಿರುವುದರಿಂದ ಮಾರುವವರ ವೆಬ್‌ಸೈಟಿನ ಬಣ್ಣದ ನಕ್ಷೆ ನಂಬಬೇಡಿ. ಆಯಾ ರಾಜ್ಯದ ಶಾಸನಸಭೆಯ ತಾಣದಲ್ಲಿ ಈ ಎರಡು ಹೆಸರು ಹಾಕಿ ಹುಡುಕಿ.

ಕೋಥ್ರೂಡ್ ಕನ್ನಡಿಗ, ಪುಣೆ:
ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ಪಟ್ಟಿಯಲ್ಲಿ ಇಲ್ಲವಲ್ಲ? ಅದು ರಾಜ್ಯಕ್ಕಿಂತ ಮೇಲಲ್ಲವೇ?

ಕರಡುಪ್ರತಿ, ಮಾಟುಂಗಾ:
ಎಲೆ ಮತ್ತು ಮಿಟ್ರಾಗೈನಿನ್ ಅಲ್ಲಿಲ್ಲ, ನಿಜ. ಅಲ್ಲಿನ ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎ 2016ರ ಆಗಸ್ಟ್‌ನಲ್ಲಿ ಸೇರಿಸಲು ಹೊರಟು, ಜನರ ವಿರೋಧ ಬಂದ ಮೇಲೆ ಅಕ್ಟೋಬರ್‌ನಲ್ಲಿ ಹಿಂದೆಗೆದುಕೊಂಡಿತು. ಆದರೆ ಫೆಡರಲ್ ಪಟ್ಟಿ ಸುಮ್ಮನಿದ್ದರೆ ರಾಜ್ಯ ಸುಮ್ಮನಿರಬೇಕೆಂದಿಲ್ಲ. ತನ್ನ ಗಡಿಯೊಳಗೆ ಅಪರಾಧ ಎನ್ನುವ ಅಧಿಕಾರ ಅದಕ್ಕಿದೆ.

ವೀಸಾದ ಮಾತು ಬೇರೆಯೇ. ಗಡೀಪಾರಿಗೆ ನೋಡುವುದು ಫೆಡರಲ್ ಪಟ್ಟಿಯನ್ನು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2015ರ ಮೆಲ್ಲೂಲಿ ಪ್ರಕರಣದಲ್ಲಿ ಹೇಳಿತು. ಇದನ್ನೇ ಹಿಡಿದು ಧೈರ್ಯ ಮಾಡುವವರಿದ್ದಾರೆ. ಆದರೆ ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿ ಕೇಳುವುದು ಶಿಕ್ಷೆಯನ್ನಷ್ಟೇ ಅಲ್ಲ, ಯಾವುದೇ ಅಪರಾಧಕ್ಕೆ ಎಂದಾದರೂ ಬಂಧನವಾಗಿತ್ತೇ ಎಂದೂ. ಕೇಸು ಬಿದ್ದುಹೋದರೂ ಅಲ್ಲಿ 'ಹೌದು' ಎಂದೇ ಬರೆಯಬೇಕು.

ಲೋಕಲ್ ಗಾಡಿ, ಡೊಂಬಿವಲಿ:
ಶಿಕಾಗೊದ ಅಂಗಡಿಯವನು ಹೇಳುವುದು ಸುಳ್ಳಲ್ಲ. ಇಲಿನಾಯ್‌ನಲ್ಲಿ 18 ತುಂಬಿದವರಿಗೆ ಮಾರಬಹುದು. ತೊಂದರೆ ಇರುವುದು ದಾರಿಯಲ್ಲಿ. ಶಿಕಾಗೊದಲ್ಲಿ ಇಳಿದು ಬಸ್ ಹತ್ತಿ ಪೂರ್ವಕ್ಕೆ ಹೊರಟರೆ ಮೊದಲು ಸಿಗುವ ಊರು ಹ್ಯಾಮಂಡ್, ಅದು ಇಂಡಿಯಾನಾ. ಉತ್ತರಕ್ಕೆ ಮಿಲ್ವಾಕಿ ಕಡೆ ಹೊರಟರೆ ವಿಸ್ಕಾನ್ಸಿನ್. ಎರಡೂ ಕಡೆ ನಿಷೇಧ. ಬಿಲ್ ಇದೆ, ಪೊಟ್ಟಣ ಒಡೆದಿಲ್ಲ ಎಂಬುದು ಅಲ್ಲಿ ನಡೆಯುವುದಿಲ್ಲ. ಕೈಯಲ್ಲಿ ಇರುವುದೇ ಅಪರಾಧ.

ಇನ್ನೊಂದು, ರಾಜ್ಯ ಒಪ್ಪಿದ ಮಾತ್ರಕ್ಕೆ ಊರು ಒಪ್ಪಬೇಕಿಲ್ಲ. ಇಲಿನಾಯ್‌ನಲ್ಲೇ ಜರ್ಸಿವಿಲ್, ಆಲ್ಟನ್, ಎಡ್ವರ್ಡ್ಸ್‌ವಿಲ್ ತಮ್ಮ ಮಟ್ಟಿಗೆ ನಿಷೇಧಿಸಿವೆ. ಫ್ಲೋರಿಡಾದಲ್ಲಿ 21 ದಾಟಿದವರಿಗೆ ಮಾರಬಹುದು, ಸರಸೋಟಾ ಕೌಂಟಿಯಲ್ಲಿ ಇಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದಲ್ಲೂ ಇಲ್ಲ.

7-ಓಎಚ್ (7-ಹೈಡ್ರಾಕ್ಸಿಮಿಟ್ರಾಗೈನಿನ್) ಎಂದು ಬರೆದ ಮಾತ್ರೆಗಳನ್ನು ಎಲೆಪುಡಿಯ ಜೊತೆ ಒಂದೇ ಎಂದು ಎಣಿಸಬೇಡಿ. ಎಲೆಯಲ್ಲಿ ಅದು ಅತ್ಯಲ್ಪ. ಮಾತ್ರೆಯಲ್ಲಿ ಸಾಂದ್ರ ಮಾಡಿ ತುಂಬಿರುತ್ತಾರೆ, ಓಪಿಯಾಯ್ಡ್‌ನಂತೆಯೇ (ಅಫೀಮಿನ ಜಾತಿಯ ಮದ್ದಿನಂತೆ) ಮೆದುಳಿಗೆ ಹಿಡಿಯುತ್ತದೆ. 2019ರಲ್ಲಿ ಯೂಟಾ ಶುರುಮಾಡಿದ ಗ್ರಾಹಕ ರಕ್ಷಣಾ ಕಾಯ್ದೆಯ ಮಾದರಿ ಒಟ್ಟು ಆಲ್ಕಲಾಯ್ಡ್‌ನಲ್ಲಿ ಇದರ ಪಾಲನ್ನು ಶೇ. 2ಕ್ಕೆ ಮಿತಿಗೊಳಿಸುತ್ತದೆ. 2025ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ನಿಯಂತ್ರಿತ ಪಟ್ಟಿಗೆ ಸೇರಿಸಲು ಶಿಫಾರಸು ಮಾಡಿತು, ಮರುತಿಂಗಳೇ ಫ್ಲೋರಿಡಾ ತುರ್ತು ಆದೇಶದಿಂದ ಸಾಂದ್ರ ರೂಪವನ್ನು ನಿಷೇಧಿಸಿತು. ಓದಲು ಹೊರಟ ಮಕ್ಕಳ ಕೈಗೆ ಇದು ಸಿಗಲೇಬಾರದು.

ಕಡಲದಂಡೆ, ವಾಸ್ಕೊ:
ಬ್ಯಾಂಕಾಕ್ ವಿಚಾರಕ್ಕೆ ಬರುತ್ತೇನೆ. ಥಾಯ್ಲೆಂಡ್ 2021ರ ಆಗಸ್ಟ್ 24ರಂದು ಕ್ರಾಟಮ್ಮನ್ನು ಮಾದಕವಸ್ತು ಪಟ್ಟಿಯಿಂದ ತೆಗೆದದ್ದು ನಿಜ. ನಮ್ಮ ಎನ್‌ಡಿಪಿಎಸ್ (ಭಾರತದ ಮಾದಕವಸ್ತು ಕಾಯ್ದೆ) ಪಟ್ಟಿಯಲ್ಲೂ ಮಿಟ್ರಾಗೈನಿನ್ ಹೆಸರಿಲ್ಲ. ಆದರೂ ಬ್ಯಾಂಕಾಕ್ ವಿಮಾನಗಳಲ್ಲಿ ಹೈಡ್ರೋಪೋನಿಕ್ (ಮಣ್ಣಿಲ್ಲದೆ ಬೆಳೆದ) ಗಾಂಜಾ ಮೇಲಿಂದ ಮೇಲೆ ಸಿಕ್ಕಿರುವುದರಿಂದ ಮುಂಬೈ ಕಸ್ಟಮ್ಸ್‌ನವರು ಹಸಿರು ಪುಡಿ ಕಂಡರೆ ಸುಮ್ಮನೆ ಬಿಡುತ್ತಾರೆಂದು ಎಣಿಸಬೇಡಿ. ಅದು ಗಾಂಜಾ ಅಲ್ಲ ಎಂದು ಪ್ರಯೋಗಾಲಯ ಹೇಳುವವರೆಗೆ ವಿಮಾನ ಕಾಯುವುದಿಲ್ಲ.

ಅದನ್ನೂ ದಾಟಿದರೆ ಅಮೆರಿಕದ ಬಾಗಿಲಲ್ಲಿ ಎಫ್‌ಡಿಎಯ ಆಮದು ಎಚ್ಚರಿಕೆ 54-15 ಇದೆ. ಕ್ರಾಟಮ್ ಇರುವ ಸರಕನ್ನು ಒಡೆದು ಪರೀಕ್ಷಿಸದೆಯೇ ತಡೆಹಿಡಿಯಬಹುದು. ಕೊರಿಯರ್ ಮಾಡಿದರೂ ಇದೇ ಗತಿ.

ಎಲ್ಲಕ್ಕಿಂತ ಮುಖ್ಯ, ನಡುವೆ ವಿಮಾನ ಬದಲಿಸುವುದು ಎಲ್ಲಿ? ಸಿಂಗಪುರದಲ್ಲಿ ಈ ಎರಡೂ ಆಲ್ಕಲಾಯ್ಡ್‌ಗಳು ಕ್ಲಾಸ್ ಎ, ಅಂದರೆ ಹೆರಾಯಿನ್ ಇರುವ ಸಾಲು. ಮಲೇಷ್ಯಾದಲ್ಲಿ 1952ರ ವಿಷವಸ್ತು ಕಾಯ್ದೆ ಅನ್ವಯಿಸುತ್ತದೆ: 10,000 ರಿಂಗಿಟ್‌ವರೆಗೆ ದಂಡ ಅಥವಾ 4 ವರ್ಷದವರೆಗೆ ಜೈಲು, ಅಥವಾ ಎರಡೂ.

ಕೋಥ್ರೂಡ್ ಕನ್ನಡಿಗ, ಪುಣೆ:
ಒಬ್ಬನ ಟಿಕೆಟ್ ಸಿಂಗಪುರದ ಮೇಲಿಂದಲೇ ಇದೆ.

ಕಡಲದಂಡೆ, ವಾಸ್ಕೊ:
ಮೆಸೇಜ್ ಹಾಕಿ ಬಿಡಬೇಡಿ, ಈಗಲೇ ಫೋನ್ ಮಾಡಿ. ಚೆಕ್-ಇನ್ ಬ್ಯಾಗಿನಲ್ಲಿದ್ದರೂ ಅದು ಅವನ ವಶದಲ್ಲಿದ್ದಂತೆಯೇ ಲೆಕ್ಕ.