ಪೂರ್ವದ ಗ್ವಾಡಿ ಯಾವಾಗ ಒಡಸ್ತೀರಿ? (ಬಡಾವಣೆ ಗುಂಪು, ಕೊಪ್ಪಳ)

3ನೇ ಕ್ರಾಸ್ ಅಕ್ಕ: ರಾತ್ರಿ 108 ಗಾಡಿ ಬಂದು ನಮ್ಮ ಕ್ರಾಸ್ ಮುಚ್ಚಿರೋ, ಬಾಜೂ ಲೇಔಟ್ ನಡುವಿನ ಗ್ವಾಡಿ ಆಚೆ ನಿಂತಿತ್ತು. ಲೈಟು ಕಾಣ್ತದ, ದಾರಿ ಇಲ್ಲ! ಕುಷ್ಟಗಿ ರಸ್ತೆ ಸುತ್ತಿ ಬರೋ ಹೊತ್ತಿಗೆ ಅಜ್ಜಾರ ಉಸಿರು ಮ್ಯಾಲ ಹತ್ತಿತ್ತು. ಇವತ್ತ ಜೆಸಿಬಿ ತರಸ್ರಿ.

ಹಳೇ ಅಧ್ಯಕ್ಷರು: ಎಲ್ಲಾ ಆಚೆ ಲೇಔಟ್‌ನವರ ಕಿತಾಪತಿ. ನಾನು ಅವಾಗ್ಲೇ ಹೇಳಿದ್ದೆ.

1ನೇ ಕ್ರಾಸ್ ಅಣ್ಣ: ಕಳ್ಳರ ಕಾಟ ತಪ್ಪತೈತಿ ಅಂತ ಗ್ವಾಡಿಗೆ ಒಪ್ಪಿದವರು ನೀವ ಅಲ್ರಿ?

ಹಳೇ ಅಧ್ಯಕ್ಷರು: ದಾಖಲೆ ತೋರಸು. ದಾಖಲೆ!

ಕಿರಾಣಿ ಅಂಗಡಿ: 🌹 ಶುಭೋದಯ 🌹 (ಫಾರ್ವರ್ಡ್)

ಇಂಜಿನಿಯರ್ ತಮ್ಮ: ಜೆಸಿಬಿ ಬ್ಯಾಡ್ರಿ ಅಕ್ಕಾ. ಕೊಪ್ಪಳ 1997ರಾಗ ಜಿಲ್ಲಾ ಆದ ಮ್ಯಾಲ ಹೊಲಗಳು ಒಂದೊಂದು ಸರ್ವೆ ನಂಬರ್ ಆಗಿ ಲೇಔಟ್ ಆದವು. ನಕ್ಷೆ ಮಂಜೂರಿ 1961ರ ಯೋಜನಾ ಕಾಯ್ದೆ 17ನೇ ಕಲಂನಾಗ ಆಗೋದು ಆ ಹೊಲಕ್ಕಷ್ಟ. ಬಾಜೂ ರಸ್ತೆಗೆ ಜೋಡಸ್ಲಿಲ್ಲ ಅಂದ್ರ ಕ್ರಾಸ್ ಬದುವಿಗೇ ನಿಲ್ತೈತಿ. ನಮ್ಮಲ್ಲಿ ಮೇನ್ ರಸ್ತೆಗೆ 4 ಕೂಡುಹಾದಿ, ಕ್ರಾಸ್ ಕೊನಿಗೆ 4 ಕುರುಡು ತುದಿ, ಒಟ್ಟು 8. ರಸ್ತೆ ತುಂಡೂ ಹೆದ್ದಾರಿ ಕೊಂಡಿ ಸೇರಿ 8. ತುಂಡುಗಳನ್ನ ಕೂಡುಹಾದಿ-ತುದಿಗಳ ಒಟ್ಟಿನಿಂದ ಭಾಗಿಸಿದ್ರ 1.0. ಒಳ್ಳೆ ಬೀದಿಜಾಲಕ್ಕ 1.4 ಬೇಕಂತಾರ. ತೆರೆದ ತುದಿ ಕುರುಡು ಅಲ್ಲ, ಲೆಕ್ಕದಿಂದ ಹೋಗ್ತೈತಿ: ಒಂದು ತುದಿ ತೆರೆದ್ರ 8/7, ನಾಲ್ಕೂ ತೆರೆದ್ರ 8/4.

ಆದ್ರ ಗ್ವಾಡಿ ಕೆಳಗ ಒಂದಡಿ ಜಾಗದ ಪಟ್ಟಿ ಆಚೆ ಲೇಔಟ್‌ನವರ ಹೆಸರಿನಾಗ ಉಳಿದಿದ್ರ ಒಡೆದವರ ಮ್ಯಾಲೇ ಕೇಸು. ಮೊದಲ ಮಂಜೂರಾದ ಎರಡೂ ಲೇಔಟ್ ನಕ್ಷೆ ಮಾಹಿತಿ ಹಕ್ಕಿನಾಗ ಕೇಳ್ರಿ: ನಮೂನೆ ಎ, 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ. ಆಮ್ಯಾಲ ಹದ್ದುಬಸ್ತು (ಗಡಿ ಅಳತೆ). ಆಚೆ ನೆಲ ಎರಡಡಿ ಎತ್ತರ ಐತಿ, ಇಳಿಜಾರು ಮಾಡಬೇಕು. ಎರಿ ಮಣ್ಣು, ಬರೇ ಮುರುಮ್ ಸುರಿದ್ರ ಮಳಿಗಾಲಕ್ಕ ಕುಸಿತೈತಿ. ಗಟಾರದ ಮ್ಯಾಲ ಹ್ಯೂಮ್ (ಸಿಮೆಂಟ್) ಪೈಪ್ ಬೇಕು.

2ನೇ ಕ್ರಾಸ್ ಮಾಮಾ: ತೆರೆದ್ರ ಉಸುಕಿನ ಟಿಪ್ಪರ್ ನುಗ್ತಾವ. ಮಕ್ಕಳು ಆಡ್ತಾರ.

ಇಂಜಿನಿಯರ್ ತಮ್ಮ: ಒಂದೇ ಬಾಯಿ ತೆರೆದ್ರ ಎಲ್ಲಾ ಅಲ್ಲೇ ನುಗ್ತಾವ. ನಾಲ್ಕು ತೆರೆದ್ರ ಹಂಚಿಹೋಗ್ತಾವ. ಹಂಪ್ ಹಾಕಸೋಣ್ರಿ ಮಾಮಾ.

ಹಳೇ ಅಧ್ಯಕ್ಷರು: ಹಂಪ್ ರೊಕ್ಕ ಯಾರು ಕೊಡ್ತಾರ? ಮೊದಲು ಸಂಘದ ಬಾಕಿ ಕಟ್ರಿ. ಪಟ್ಟಿ ಹಾಕ್ತೀನಿ.

3ನೇ ಕ್ರಾಸ್ ಅಕ್ಕ: ಅರ್ಜಿಗೆ ಸಹಿ ಯಾರ್ಯಾರು ಮಾಡ್ತೀರಿ? ಅದನ್ನ ಹೇಳ್ರಿ.

4ನೇ ಕ್ರಾಸ್: ಅಕ್ಕಾ, ನಮ್ಮ ಕಡೆ ನಳ ಬಂದು ವಾರ ಆತು. ನಿಮ್ಮಲ್ಲಿ?

1ನೇ ಕ್ರಾಸ್ ಅಣ್ಣ: ನಮ್ಮಲ್ಲೂ ಇಲ್ಲ. ವಾಲ್ವ್‌ಮನ್‌ಗೆ ಫೋನ್ ಹಚ್ರಿ.

ಹಳೇ ಅಧ್ಯಕ್ಷರು: ನೀರಿನ ವಿಷಯಕ್ಕ ಭಾನುವಾರ 10ಕ್ಕ ಗುಡಿ ಮುಂದ ಎಲ್ಲಾರೂ ಬರ್ರಿ.

3ನೇ ಕ್ರಾಸ್ ಅಕ್ಕ: ಅರ್ಜಿ ನಾ ಬರೀತೀನಿ. ತಮ್ಮಾ, ಸರ್ವೆ ನಂಬರ್ ಕಳಸು.