ಪೆಟ್ ಸ್ಕ್ಯಾನ್‌ಗೆ ಮಗುವನ್ನು ಮಲಗಿಸಿದರೆ ಫಲಿತಾಂಶ ತಪ್ಪಾಗುತ್ತದೆಯೇ?

ಪ್ರಶ್ನೆ (ಪುಟ್ಟನ ಅಮ್ಮ)
ನನ್ನ ಮಗನಿಗೆ ನಾಲ್ಕು ವರ್ಷ. ಎರಡು ಮೂರು ಔಷಧಿ ಬದಲಾಯಿಸಿದರೂ ಫಿಟ್ಸ್ ಹತೋಟಿಗೆ ಬಂದಿಲ್ಲ. ಎಂಆರ್‌ಐನಲ್ಲಿ ಏನೂ ಕಾಣಲಿಲ್ಲ. ಆಪರೇಷನ್ ಸಾಧ್ಯವೇ ಅಂತ ನೋಡಲು ಈಗ ಮಿದುಳಿನ ಪೆಟ್ ಸ್ಕ್ಯಾನ್ ಮಾಡಬೇಕಂತೆ. ಅವನು ಒಂದು ನಿಮಿಷವೂ ಸುಮ್ನೆ ಮಲಗುವವನಲ್ಲ, ಹಾಗಾಗಿ ಸೆಡೇಶನ್ (ಮತ್ತು ಬರಿಸುವ ಔಷಧಿ) ಕೊಡುತ್ತಾರೆ. ಮಿದುಳಿನ ಯಾವ ಭಾಗ ಎಷ್ಟು ಗ್ಲುಕೋಸ್ ಬಳಸುತ್ತಿದೆ ಅಂತ ನೋಡುವ ಪರೀಕ್ಷೆ ಇದು, ಅಲ್ವಾ? ಮಿದುಳನ್ನೇ ಮಲಗಿಸಿಬಿಟ್ಟರೆ ಎಲ್ಲ ಕಡೆಯೂ ಮಂಕಾಗಿ ಕಾಣುವುದಿಲ್ಲವೇ?

ಉತ್ತರ (ಸ್ಕ್ಯಾನ್ ವಿಭಾಗದ ಟೆಕ್ನಿಷಿಯನ್)
ಮೇಡಂ, ಸರಿಯಾದ ಪ್ರಶ್ನೆ. ಸೆಡೇಶನ್ ಯಾವಾಗ ಕೊಡುತ್ತಾರೆ ಅನ್ನುವುದರ ಮೇಲೆ ತುಂಬಾ ನಿಂತಿದೆ. ಈ ಪರೀಕ್ಷೆಗೆ ಎಫ್‌ಡಿಜಿ ಅನ್ನುವ, ವಿಕಿರಣ ಸೂಸುವ ಇಂಜೆಕ್ಷನ್ ಕೊಡುತ್ತೇವೆ. ಅದು ಗ್ಲುಕೋಸ್‌ನ ಹಾಗೆಯೇ ಜೀವಕೋಶದ ಒಳಗೆ ಹೋಗುತ್ತದೆ, ಆದರೆ ಗ್ಲುಕೋಸ್‌ನ ಹಾಗೆ ಪೂರ್ತಿ ಖರ್ಚಾಗುವುದಿಲ್ಲ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಿದುಳು ಅದನ್ನು ಎಳೆದುಕೊಳ್ಳುವುದು ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲಿ. ಆಮೇಲೆ ತೆಗೆಯುವ ಚಿತ್ರದಲ್ಲಿ ಕಾಣುವುದು ಆ ಅರ್ಧ ಗಂಟೆಯ ಮಿದುಳೇ ಹೊರತು ಮಷಿನ್ ಒಳಗೆ ಮಲಗಿರುವ ಹೊತ್ತಿನದಲ್ಲ. ಆದ್ದರಿಂದ ಇಂಜೆಕ್ಷನ್ ಆದ ಮೇಲೆ ಮಗು ಎಚ್ಚರವಾಗಿಯೇ ಇದ್ದು, ಕನಿಷ್ಠ ಅರ್ಧ ಗಂಟೆ ಕಳೆದ ಮೇಲೆ ಸೆಡೇಶನ್ ಕೊಟ್ಟರೆ ಪರಿಣಾಮ ಬಹಳ ಕಡಿಮೆ. ಕಾದರೆ ಎಫ್‌ಡಿಜಿ ವ್ಯರ್ಥವಾಗುತ್ತದೆ ಅನ್ನುವ ಭಯ ಬೇಡ, ಅದರ ವಿಕಿರಣ ಅರ್ಧಕ್ಕೆ ಇಳಿಯಲು ಸುಮಾರು 110 ನಿಮಿಷ ಬೇಕು.

ಉತ್ತರ (ಅರಿವಳಿಕೆ ವೈದ್ಯ)
ಮೇಲಿನ ಮಾತು ಸರಿ, ಆದರೆ ಎಲ್ಲ ಮಕ್ಕಳಲ್ಲೂ ಹಾಗೆ ಕಾಯಲು ಆಗುವುದಿಲ್ಲ. ಕೆಲವರಿಗೆ ಸೂಜಿ ಹಾಕುವ ಮೊದಲೇ ಮತ್ತು ಬರಿಸಬೇಕಾಗುತ್ತದೆ. ಆಗ ಯಾವ ಔಷಧಿ ಅನ್ನುವುದೂ ಮುಖ್ಯ. ಪ್ರೊಪೊಫಾಲ್ ಇಡೀ ಮಿದುಳಿನ ಗ್ಲುಕೋಸ್ ಬಳಕೆಯನ್ನು ಇಳಿಸುತ್ತದೆ, ಹೊರಪದರದಲ್ಲಿ ಜಾಸ್ತಿ. ಮಿಡಜೊಲಾಮ್ ಕೂಡ ಇಳಿಸುತ್ತದೆ, ಜೊತೆಗೆ ಅದು ಫಿಟ್ಸ್ ಅಡಗಿಸುವ ಔಷಧಿಯೂ ಹೌದು. ಹಾಗಂತ ಸ್ಕ್ಯಾನ್ ಪೂರ್ತಿ ದಂಡ ಅಂತಲ್ಲ. ಔಷಧಿ ಎರಡೂ ಬದಿಯನ್ನು ಹೆಚ್ಚು ಕಡಿಮೆ ಒಂದೇ ಸಮ ಇಳಿಸುತ್ತದೆ, ಫಿಟ್ಸ್ ಹುಟ್ಟುವ ಜಾಗ ಸಾಮಾನ್ಯವಾಗಿ ಒಂದು ಬದಿಯಲ್ಲೇ ಮಂಕಾಗಿ ಕಾಣುತ್ತದೆ. ಎಡ ಬಲ ಹೋಲಿಸಿ ನೋಡಿದರೆ ಆ ವ್ಯತ್ಯಾಸ ಹೆಚ್ಚಾಗಿ ಉಳಿದಿರುತ್ತದೆ. ಕಷ್ಟ ಆಗುವುದು ವ್ಯತ್ಯಾಸ ತೀರಾ ಸಣ್ಣದಿದ್ದಾಗ, ಅಥವಾ ಎರಡೂ ಬದಿ ತೊಂದರೆ ಇದ್ದಾಗ.

ಕಂಪ್ಯೂಟರ್‌ನಲ್ಲಿ ಸಾಮಾನ್ಯ ಮಿದುಳಿನ ಚಿತ್ರಗಳ ಜೊತೆ ಹೋಲಿಸುವಾಗಲೂ ಎಚ್ಚರ ಬೇಕು. ಆ ಚಿತ್ರಗಳು ಎಚ್ಚರವಿದ್ದ ದೊಡ್ಡವರದಾಗಿದ್ದರೆ ಹೋಲಿಕೆಯೇ ಸರಿಹೊಂದದು. ಚಿಕ್ಕ ಮಕ್ಕಳ ಮಿದುಳು ದೊಡ್ಡವರಿಗಿಂತ ಎಷ್ಟೋ ಜಾಸ್ತಿ ಗ್ಲುಕೋಸ್ ಬಳಸುತ್ತದೆ ಅಂತ ಮಕ್ಕಳ ನರರೋಗ ತಜ್ಞ ಹ್ಯಾರಿ ಚುಗಾನಿ ಮತ್ತು ಜೊತೆಗಾರರು 1987ರಲ್ಲೇ ಪೆಟ್‌ನಿಂದ ತೋರಿಸಿದ್ದಾರೆ. ಸೆಡೇಶನ್ ಯಾವಾಗ, ಯಾವುದು, ಎಷ್ಟು ಅಂತ ವರದಿಯಲ್ಲಿ ಬರೆದಿರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಷ್ಟೋ ಕಡೆ ಬರೆಯುವುದೇ ಇಲ್ಲ.

ಉತ್ತರ (ಇನ್ನೊಬ್ಬ ತಾಯಿ)
ಅಕ್ಕ, ಇಇಜಿ (ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಹಾಕುತ್ತಾರಾ ಅಂತಲೂ ಕೇಳಿ. ನನ್ನ ಮಗಳಿಗೆ ಇಂಜೆಕ್ಷನ್ ಆದ ಮೇಲೆ ಇಇಜಿ ಹಾಕಿಯೇ ಕೂರಿಸಿದ್ದರು. ಆ ಹೊತ್ತಲ್ಲಿ ಹೊರಗೆ ಕಾಣದ ಫಿಟ್ಸ್ ಬಂದರೂ ಆ ಜಾಗ ಮಂಕಾಗುವ ಬದಲು ಹೊಳೆಯಬಹುದು, ಆಗ ಎದುರು ಬದಿಯೇ ಕೆಟ್ಟಿದೆ ಅನ್ನಿಸಬಹುದು ಅಂತ ಡಾಕ್ಟರ್ ವಿವರಿಸಿದರು. ದಿನದ ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಕೀಟೋ ಆಹಾರ (ಕೊಬ್ಬು ಜಾಸ್ತಿ, ಸಕ್ಕರೆ ಪಿಷ್ಟ ತೀರಾ ಕಡಿಮೆ) ಕೊಡುತ್ತಿದ್ದರೆ ಮೊದಲೇ ತಿಳಿಸಿ, ಅದೂ ಗ್ಲುಕೋಸ್ ಬಳಕೆಯನ್ನು ಬದಲಿಸುತ್ತದೆ.

ಪುಟ್ಟನ ಅಮ್ಮ
ಎಲ್ಲರಿಗೂ ಧನ್ಯವಾದ. ಸೂಜಿ ಕಂಡರೆ ತುಂಬಾ ಅಳುತ್ತಾನೆ. ಆ ಅರ್ಧ ಗಂಟೆ ಅತ್ತರೆ ಏನು ಮಾಡುವುದು?

ಉತ್ತರ (ಸ್ಕ್ಯಾನ್ ವಿಭಾಗದ ಟೆಕ್ನಿಷಿಯನ್)
ಮರಗಟ್ಟಿಸುವ ಕ್ರೀಮ್ ಹಚ್ಚಿ, ಐವಿ ಸೂಜಿಯನ್ನು (ರಕ್ತನಾಳಕ್ಕೆ ಔಷಧಿ ಬಿಡಲು ಹಾಕುವ ಸೂಜಿ) ಮುಂಚೆಯೇ ಹಾಕಲು ಹೇಳಿ. ಅಳು ನಿಂತ ಮೇಲೆ ಎಫ್‌ಡಿಜಿಯನ್ನು ಅದೇ ಐವಿಯಲ್ಲಿ ಬಿಡಬಹುದು. ಆಮೇಲೆ ಮಂದ ಬೆಳಕಿನ ಕೋಣೆಯಲ್ಲಿ ನಿಮ್ಮ ತೊಡೆಯ ಮೇಲೆ ಕೂರಿಸಿಕೊಳ್ಳಿ. ಮೊಬೈಲ್ ಬೇಡ, ಕತೆಯೂ ಬೇಡ.